ನನ್ನ ಅನುವಾದದ ತಪ್ಪು

ನಾಲ್ಕು ವಾರಕ್ಕೊಂದು ಶನಿವಾರ ನಾನು ಕಾಲೇಜಿಗೆ ಬರುವುದಿಲ್ಲ. ಗೆಳತಿಯರು ಕೇಳಿದರೆ "ಬೆಂಗಳೂರಿನಲ್ಲಿ ಮದುವೆ ಇತ್ತು" ಎನ್ನುತ್ತಿದ್ದೆ. ಇಷ್ಟೊಂದು ಮದುವೆಗಳಿಗೆ ಹೋದವಳು ನಮ್ಮ ಕಾಲೇಜಿನಲ್ಲಿ ಇನ್ನೊಬ್ಬಳು ಇರಲಾರಳು. ಈ ಸಲ ಕನ್ನಡ ಮೇಡಂ "ಕಾಮರ್ಸ್‌ನವರೂ ಏನಾದರೂ ಬರೆಯಿರಿ, ಲಾಭ ನಷ್ಟ ಬಿಟ್ಟು ಬೇರೆ ಏನಾದರೂ" ಎಂದರು. ಆಗ ಆ ಶನಿವಾರಗಳ ಬಗ್ಗೆಯೇ ನಿಜ ಬರೆಯೋಣ ಅನ್ನಿಸಿತು. ಅಮ್ಮಿಯ ಮತ್ತು ತಮ್ಮನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ನನ್ನ ತಮ್ಮನಿಗೆ ಈಗ ಒಂಬತ್ತು ವರ್ಷ. ಮನೆಯಲ್ಲಿ ಅವನನ್ನು ಮುನ್ನಾ ಎಂದು ಕರೆಯುತ್ತೇವೆ. ಹುಟ್ಟಿದಾಗ ದಪ್ಪಗೆ, ಚೆನ್ನಾಗಿ ಇದ್ದ. ಏಳನೇ ತಿಂಗಳಿಂದ ಶುರುವಾಯಿತು. ಮೊದಲು ಕಿವಿ ಸೋರಿತು. ವಾಸಿಯಾಯಿತು, ಮತ್ತೆ ಸೋರಿತು. ಆಮೇಲೆ ಕೆಮ್ಮು, ಜ್ವರ. ಎರಡು ವರ್ಷ ತುಂಬುವ ಮೊದಲೇ ಎರಡು ಸಲ ನ್ಯುಮೋನಿಯಾ ಎಂದು ಆಸ್ಪತ್ರೆಯಲ್ಲಿ ಮಲಗಿಸಿದ್ದರು. ಔಷಧಿ ಕೊಟ್ಟಾಗ ಹುಷಾರಾಗುತ್ತಿದ್ದ, ಹದಿನೈದು ದಿನಕ್ಕೆ ಮತ್ತೆ ಅದೇ. ದಾದಿಮಾ ನಜರ್ ತೆಗೆದರು. ಫುಪ್ಪು ತಾವೀಜ್ ತಂದು ಕಟ್ಟಿದರು. ಅಬ್ಬಾ ಲಾರಿ ಬಾಡಿ ಕಟ್ಟುವ ಶೆಡ್ಡಿನಲ್ಲಿ ವೆಲ್ಡಿಂಗ್ ಕೆಲಸ ಮಾಡುತ್ತಾರೆ. ವೆಲ್ಡಿಂಗ್ ಹೊಗೆ ಬಟ್ಟೆಗೆ ಅಂಟಿ ಮನೆಗೆ ಬರುತ್ತದೇನೋ ಎಂದು ಅವರು ಶೆಡ್ಡಿನಲ್ಲೇ ಸ್ನಾನ ಮಾಡಿ ಬರತೊಡಗಿದರು.

ಮುನ್ನಾನಿಗೆ ಮೂರೂವರೆ ವರ್ಷವಾದಾಗ ನಮ್ಮೂರಿನ ಡಾಕ್ಟರೊಬ್ಬರು ಬೆಂಗಳೂರಿಗೆ ಬರೆದುಕೊಟ್ಟರು. ಅಲ್ಲಿನ ಡಾಕ್ಟರ್ ಮೇಡಂ ಅವನ ಬಾಯಿ ತೆರೆಸಿ ಟಾರ್ಚ್ ಬಿಟ್ಟು ಬಹಳ ಹೊತ್ತು ನೋಡಿದರು. "ಇವನಿಗೆ ಟಾನ್ಸಿಲ್ ಕಾಣಿಸುತ್ತಲೇ ಇಲ್ಲ" ಎಂದರು. ಟಾನ್ಸಿಲ್ ತುಂಬಾ ಇರುವುದು ಬಿ ಜೀವಕೋಶಗಳು. ಅವೇ ಇಲ್ಲದಿದ್ದರೆ ಟಾನ್ಸಿಲ್ ಬೆಳೆಯುವುದಿಲ್ಲವಂತೆ. ರಕ್ತ ಪರೀಕ್ಷೆ ಮಾಡಿಸಿದರು. ಅವನ ರಕ್ತದಲ್ಲಿ ಬಿ ಕೋಶಗಳು ಹುಡುಕಿದರೂ ಸಿಗದಷ್ಟು ಕಡಿಮೆ. ರೋಗದ ವಿರುದ್ಧ ಹೋರಾಡುವ ಪ್ರತಿಕಾಯಗಳೂ ಇಲ್ಲವೆನ್ನುವಷ್ಟು ಕಡಿಮೆ. ಕಾಯಿಲೆಯ ಹೆಸರು ಎಕ್ಸ್ ಲಿಂಕ್ಡ್ ಅಗಾಮಾಗ್ಲೋಬ್ಯುಲಿನೀಮಿಯಾ. ಚಿಕ್ಕದಾಗಿ ಎಕ್ಸ್‌ಎಲ್‌ಎ. ಸುಮಾರು 2 ಲಕ್ಷ ಜನನಗಳಲ್ಲಿ ಒಂದು ಮಗುವಿಗೆ ಬರುವಂಥದ್ದು.

ನನ್ನ ತಪ್ಪು ನಡೆದದ್ದು ಆ ದಿನ, ಆ ಕೋಣೆಯಲ್ಲೇ.

ನಮ್ಮ ಮನೆಮಾತು ಉರ್ದು. ಅಮ್ಮಿಗೆ ಕನ್ನಡ ಅರ್ಥವಾಗುತ್ತದೆ. ಆದರೆ ಡಾಕ್ಟರ ಕನ್ನಡ, ನಡುನಡುವೆ ಇಂಗ್ಲಿಷ್, ಅಷ್ಟು ವೇಗವಾಗಿ ಅರ್ಥವಾಗುವುದಿಲ್ಲ. ಅಬ್ಬಾ ಆ ದಿನ ಬಿಲ್ಲಿನ ಸಾಲಿನಲ್ಲಿ ನಿಂತಿದ್ದರು. ನಾನು ಆಗ ಆರನೇ ತರಗತಿ, ಕನ್ನಡ ಮಾಧ್ಯಮ. ಡಾಕ್ಟರ್ ಹೇಳಿದ್ದನ್ನು ಅಮ್ಮಿಗೆ ಉರ್ದುವಿನಲ್ಲಿ ಹೇಳುವ ಕೆಲಸ ನನ್ನದಾಯಿತು. ಡಾಕ್ಟರ್ ತುಂಬಾ ಹೊತ್ತು ವಿವರಿಸಿದರು. ನನಗೆ ಅರ್ಥವಾದದ್ದು ಒಂದೇ ವಾಕ್ಯ. ಅದನ್ನೇ ನಾನು ಅಮ್ಮಿಗೆ ಹೇಳಿದೆ: "ಮಾ ಸೇ ಆಯಿ ಸೋ ಬೀಮಾರಿ ಕತೇ." ತಾಯಿಯಿಂದ ಬಂದ ಕಾಯಿಲೆಯಂತೆ, ಅಂತ.

ಅಮ್ಮಿ ಏನೂ ಹೇಳಲಿಲ್ಲ. ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಕೂತರು. ಮನೆಗೆ ಬಂದ ಮೇಲೆ ದಾದಿಮಾ, ಫುಪ್ಪು ಕೇಳಿದಾಗ ಅವರಿಗೂ ನಾನೇ ಅದನ್ನೇ ಹೇಳಿದೆ. ಡಾಕ್ಟರ್ ಹೇಳಿದ ಮಾತನ್ನು ನೆನಪಿಟ್ಟುಕೊಂಡು ಬಂದೆನೆಂದು ನನಗೆ ಹೆಮ್ಮೆ ಬೇರೆ ಇತ್ತು. ಆ ಒಂದು ವಾಕ್ಯ ನಮ್ಮ ಮನೆಯಲ್ಲಿ ಐದು ವರ್ಷ ಉಳಿಯಿತು. ಮುನ್ನಾನಿಗೆ ಜ್ವರ ಬಂದಾಗಲೆಲ್ಲ ಯಾರಾದರೂ ಅದನ್ನು ಹೇಳುತ್ತಿದ್ದರು. ಕೂಗಾಡಿ ಅಲ್ಲ, ಮೆಲ್ಲಗೆ. "ಅವರ ಕಡೆಯ ರಕ್ತ" ಎಂದು. ಅಮ್ಮಿ ಒಂದು ದಿನವೂ ಎದುರು ಮಾತನಾಡಲಿಲ್ಲ.

ಕಳೆದ ವರ್ಷ ಪಿಯುಸಿ ಸೇರಿದ ಮೇಲೆ ನನಗೆ ಆ ವಾಕ್ಯದ ಬಗ್ಗೆ ಅನುಮಾನ ಬಂತು. ನಾನು ಕಾಮರ್ಸ್, ಜೀವಶಾಸ್ತ್ರವನ್ನು ಹತ್ತನೇ ತರಗತಿಗೇ ಬಿಟ್ಟು ಬಂದವಳು. ತಮ್ಮನ ಫೈಲು ಹಿಡಿದು ನಮ್ಮ ಬಯಾಲಜಿ ಸರ್ ಹತ್ತಿರ ಹೋದೆ. ಅವರು ಮೂರು ದಿನ ಮಧ್ಯಾಹ್ನ ಊಟದ ಬಿಡುವಿನಲ್ಲಿ ಕೂತು ಬೋರ್ಡಿನ ಮೇಲೆ ಬರೆದು ಹೇಳಿಕೊಟ್ಟರು. ನನಗೆ ತಿಳಿದಷ್ಟನ್ನು ಇಲ್ಲಿ ಬರೆಯುತ್ತೇನೆ.

ನಮ್ಮ ಮೂಳೆಯೊಳಗಿನ ಮಜ್ಜೆಯಲ್ಲಿ ರಕ್ತದ ಕೋಶಗಳು ಹುಟ್ಟುತ್ತವೆ. ಅವುಗಳಲ್ಲಿ ಒಂದು ಬಗೆ ಬಿ ಕೋಶ. 'ಬಿ' ಎಂಬ ಹೆಸರು ಬಂದದ್ದು ಕೋಳಿಯಿಂದ ಎಂದರೆ ನೀವು ನಂಬುವುದಿಲ್ಲ. ಕೋಳಿಯ ಹಿಂಭಾಗದಲ್ಲಿ ಬರ್ಸಾ ಎಂಬ ಚಿಕ್ಕ ಚೀಲವಿದೆ. 1956ರಲ್ಲಿ ಬ್ರೂಸ್ ಗ್ಲಿಕ್ ಮತ್ತು ಅವರ ಸಂಗಡಿಗರು ಅಮೆರಿಕದಲ್ಲಿ ಒಂದು ವಿಷಯ ಪ್ರಕಟಿಸಿದರು. ಮರಿಯಾಗಿದ್ದಾಗಲೇ ಆ ಚೀಲ ತೆಗೆದ ಕೋಳಿಗಳು ಪ್ರತಿಕಾಯ ತಯಾರಿಸಲಾರವು ಎಂಬುದೇ ಅದು. ಬರ್ಸಾದ ಮೊದಲ ಅಕ್ಷರವೇ ಬಿ. ಮನುಷ್ಯರಿಗೆ ಆ ಚೀಲ ಇಲ್ಲ, ಅದರ ಕೆಲಸ ನಮ್ಮಲ್ಲಿ ಮಜ್ಜೆಯಲ್ಲೇ ನಡೆಯುತ್ತದೆ.

ಬಿ ಕೋಶ ಒಂದೇ ಸಲಕ್ಕೆ ಬಲಿಯುವುದಿಲ್ಲ, ಹಂತಹಂತವಾಗಿ ಬೆಳೆಯುತ್ತದೆ. ಪ್ರತಿಕಾಯವೆಂದರೆ ಎರಡು ಭಾರದ ಸರಪಳಿ, ಎರಡು ಹಗುರ ಸರಪಳಿ ಸೇರಿದ ಪ್ರೋಟೀನು. ಎಳೆಯ ಕೋಶ ಮೊದಲು ತನ್ನ ವಂಶವಾಹಿಯ ತುಂಡುಗಳನ್ನು ಕತ್ತರಿಸಿ ಜೋಡಿಸಿ ಭಾರದ ಸರಪಳಿಯನ್ನು ತಯಾರಿಸುತ್ತದೆ. ಅದನ್ನು ತನ್ನ ಮೈಮೇಲೆ ತಂದು ಪರೀಕ್ಷೆಗೆ ಇಡುತ್ತದೆ. ಸರಿಯಾಗಿದ್ದರೆ "ಸರಿಯಿದೆ, ಮುಂದೆ ಹೋಗು" ಎಂಬ ಸಂದೇಶ ಕೋಶದ ಒಳಗೆ ತಲುಪಬೇಕು. ಆಗ ಆ ಕೋಶ ಬದುಕುತ್ತದೆ, ಒಂದು ಎರಡಾಗಿ, ಎರಡು ನಾಲ್ಕಾಗಿ ಹೆಚ್ಚುತ್ತದೆ, ಮುಂದಿನ ಹಂತಕ್ಕೆ ಹೋಗುತ್ತದೆ. ಸಂದೇಶ ತಲುಪದಿದ್ದರೆ ಅಲ್ಲಿಯೇ ನಿಂತು ಸಾಯುತ್ತದೆ.

ಆ ಸಂದೇಶವನ್ನು ಒಳಗೆ ಸಾಗಿಸುವ ಪ್ರೋಟೀನುಗಳಲ್ಲಿ ಬಿಟಿಕೆ ಎಂಬುದು ಬಹಳ ಮುಖ್ಯ. ಅದು 659 ಅಮೈನೋ ಆಮ್ಲಗಳ ಸರಪಳಿ. ಮುನ್ನಾನ ಬಿಟಿಕೆ ವಂಶವಾಹಿಯಲ್ಲಿ ಒಂದೇ ಒಂದು ಅಕ್ಷರ ಬದಲಾಗಿದೆ. ಆ ಜಾಗದಲ್ಲಿ "ಇಲ್ಲಿಗೆ ನಿಲ್ಲಿಸು" ಎಂಬ ಅರ್ಥ ಬಂದುಬಿಟ್ಟಿದೆ. ಪ್ರೋಟೀನು ಅರ್ಧಕ್ಕೇ ನಿಂತುಹೋಗುತ್ತದೆ. ಸರ್ ನನಗೆ ಅರ್ಥವಾಗಲೆಂದು ಹೀಗೆ ಹೇಳಿದರು: "ನೀನು ಫಸ್ಟ್ ಪಿಯು ಪರೀಕ್ಷೆ ಬರೆದೆ, ಪಾಸೂ ಆದೆ. ಆದರೆ ಫಲಿತಾಂಶದ ಪಟ್ಟಿ ಆಫೀಸಿಗೆ ಬರಲೇ ಇಲ್ಲ. ನಿನ್ನನ್ನು ಸೆಕೆಂಡ್ ಪಿಯುಗೆ ಸೇರಿಸಿಕೊಳ್ಳುತ್ತಾರಾ?" ಮುನ್ನಾನ ಮಜ್ಜೆಯಲ್ಲಿ ಪ್ರತಿದಿನ ಲೆಕ್ಕವಿಲ್ಲದಷ್ಟು ಎಳೆಯ ಕೋಶಗಳು ಹೀಗೆಯೇ ಬಾಗಿಲಲ್ಲಿ ಕಾದು ಸಾಯುತ್ತಿವೆ.

ಈ ಕಾಯಿಲೆಯನ್ನು ಮೊದಲು ಗುರುತಿಸಿದವರು ಆಗ್ಡನ್ ಬ್ರೂಟನ್ ಎಂಬ ಅಮೆರಿಕದ ಸೇನಾ ಡಾಕ್ಟರು. ವಾಷಿಂಗ್ಟನ್‌ನ ವಾಲ್ಟರ್ ರೀಡ್ ಸೇನಾ ಆಸ್ಪತ್ರೆಯಲ್ಲಿ ಎಂಟು ವರ್ಷದ ಒಬ್ಬ ಹುಡುಗನಿಗೆ ರಕ್ತದ ಸೋಂಕು ಮತ್ತೆ ಮತ್ತೆ ಬರುತ್ತಿತ್ತು. ಅವನ ರಕ್ತದಲ್ಲಿ ಗಾಮಾ ಗ್ಲೋಬ್ಯುಲಿನ್ ಎಂಬ ಭಾಗವೇ ಇಲ್ಲ ಎಂದು ಬ್ರೂಟನ್ ಕಂಡುಹಿಡಿದು 1952ರಲ್ಲಿ ಪ್ರಕಟಿಸಿದರು. ಬೇರೆಯವರ ರಕ್ತದಿಂದ ತೆಗೆದ ಅದೇ ಅಂಶವನ್ನು ತಿಂಗಳಿಗೊಮ್ಮೆ ಚುಚ್ಚಿ ಆ ಹುಡುಗನನ್ನು ಸೋಂಕಿನಿಂದ ಕಾಪಾಡಿದರು. ತಪ್ಪಿರುವ ವಂಶವಾಹಿ ಯಾವುದೆಂದು ಗೊತ್ತಾದದ್ದು 1993ರಲ್ಲಿ. ಬೇರೆ ಬೇರೆ ಎರಡು ತಂಡಗಳು ಒಂದೇ ವರ್ಷ ಅದನ್ನು ಕಂಡುಹಿಡಿದವು. ಬ್ರೂಟನ್ ಅವರ ಹೆಸರನ್ನೇ ಅದಕ್ಕೆ ಇಟ್ಟರು. ಬಿಟಿಕೆಯ ಬಿ ಎಂದರೆ ಅವರೇ. ಈ ಹುಡುಗರಿಂದ ಕಲಿತ ವಿದ್ಯೆ ಬೇರೆಯವರಿಗೂ ಉಪಯೋಗಕ್ಕೆ ಬಂದಿದೆ. ಕೆಲವು ರಕ್ತ ಕ್ಯಾನ್ಸರುಗಳಲ್ಲಿ ಬಿ ಕೋಶಗಳು ಮಿತಿಮೀರಿ ಬೆಳೆಯುತ್ತವೆ. ಬಿಟಿಕೆಯನ್ನು ಬೇಕೆಂದೇ ತಡೆಯುವ ಮಾತ್ರೆ 2013ರಿಂದ ಅಂಥವರಿಗೆ ಸಿಗುತ್ತಿದೆ.

ಇನ್ನು ನನ್ನ ವಾಕ್ಯಕ್ಕೆ ಬರುತ್ತೇನೆ.

ಬಿಟಿಕೆ ವಂಶವಾಹಿ ಇರುವುದು ಎಕ್ಸ್ ವರ್ಣತಂತುವಿನ ಮೇಲೆ. ಹುಡುಗರಿಗೆ ಎಕ್ಸ್ ಒಂದೇ, ಅದು ತಾಯಿಯ ಕಡೆಯಿಂದ ಬಂದದ್ದು. ಅದರಲ್ಲಿ ತಪ್ಪಿದ್ದರೆ ಬದಲಿಗೆ ಇನ್ನೊಂದಿಲ್ಲ. ಹೆಣ್ಣುಮಕ್ಕಳಿಗೆ ಎರಡು ಎಕ್ಸ್ ಇರುತ್ತವೆ. ಒಂದೊಂದು ಕೋಶದಲ್ಲೂ ಎರಡರಲ್ಲಿ ಯಾವುದೋ ಒಂದು ಮಾತ್ರ ಕೆಲಸ ಮಾಡುತ್ತದೆ, ಇನ್ನೊಂದು ಮುಚ್ಚಿರುತ್ತದೆ ಎಂದು ಮೇರಿ ಲಯನ್ ಎಂಬ ವಿಜ್ಞಾನಿ 1961ರಲ್ಲಿ ಹೇಳಿದರು. ಅಮ್ಮಿಯ ಮಜ್ಜೆಯಲ್ಲಿ ತಪ್ಪಿರುವ ಎಕ್ಸ್ ತೆರೆದುಕೊಂಡ ಕೋಶಗಳು ಬಿ ಕೋಶವಾಗದೆ ಸಾಯುತ್ತವೆ, ಸರಿಯಾದ ಎಕ್ಸ್ ತೆರೆದ ಕೋಶಗಳು ಬೆಳೆದು ಆ ಜಾಗ ತುಂಬುತ್ತವೆ. ಹಾಗಾಗಿ ಅಮ್ಮಿ ಆರೋಗ್ಯವಾಗಿದ್ದಾರೆ. ತಮ್ಮೊಳಗೆ ಆ ಒಂದು ಅಕ್ಷರ ಇದೆಯೆಂದು ಅವರಿಗೆ ತಿಳಿಯುವ ದಾರಿಯೇ ಇರಲಿಲ್ಲ.

ಮುಂದಿನ ಶನಿವಾರ ಆಸ್ಪತ್ರೆಗೆ ಹೋದಾಗ ಮೊದಲ ದಿನದ ವಾಕ್ಯವನ್ನು ಡಾಕ್ಟರ್ ಮೇಡಂ ಮುಂದೆ ಹೇಳಿದೆ. ಅವರು ಪೆನ್ ಕೆಳಗಿಟ್ಟರು. "ನಾನು 'ತಾಯಿಯ ಮೂಲಕ' ಎಂದಿರಬೇಕು ಕಣಮ್ಮ" ಎಂದರು. ಒಂದು ಹಾಳೆ ತೆಗೆದು ನಮ್ಮ ವಂಶದ ಚಿತ್ರ ಬರೆದರು. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ. ಮೊದಲ ಸಲ ಬರೆದ ಹಳೆಯ ಚಿತ್ರ ಫೈಲಿನಲ್ಲೇ ಇತ್ತು. ಅದರಲ್ಲಿ ನಾನಿಮಾ ಕೆಳಗೆ ಇಬ್ಬರು ಹೆಣ್ಣುಮಕ್ಕಳು ಮಾತ್ರ, ಅಮ್ಮಿ ಮತ್ತು ಖಾಲಾ. "ನಾನಿಗೆ ಗಂಡುಮಕ್ಕಳೇ ಆಗಲಿಲ್ಲವಾ?" ಎಂದು ಡಾಕ್ಟರ್ ಕೇಳಿದರು. ನಾನು ಇಲ್ಲ ಎನ್ನಲು ಬಾಯಿ ತೆರೆದೆ. ಅಮ್ಮಿ ಕನ್ನಡದಲ್ಲೇ ಹೇಳಿದರು: "ಇಬ್ಬರು ಇದ್ದರು. ಒಬ್ಬ ಎರಡು ವರ್ಷ, ಒಬ್ಬ ನಾಲ್ಕು ವರ್ಷ. ಇಬ್ಬರಿಗೂ ಕೆಮ್ಮು, ಜ್ವರ."

ನನಗೆ ಇಬ್ಬರು ಮಾಮೂ ಇದ್ದರೆಂದು ಹದಿನಾರನೇ ವಯಸ್ಸಿನಲ್ಲಿ ಆಸ್ಪತ್ರೆಯಲ್ಲಿ ಗೊತ್ತಾಯಿತು. ಡಾಕ್ಟರ್ ಎರಡು ಚೌಕ ಬರೆದು ಅವುಗಳ ಮೇಲೆ ಓರೆ ಗೆರೆ ಎಳೆದರು. ತೀರಿಹೋದವರಿಗೆ ಹಾಗೆ ಎಳೆಯುತ್ತಾರೆ.

ಸಂಬಂಧದಲ್ಲಿ ಮದುವೆಯಾದದ್ದಕ್ಕೆ ಹೀಗಾಯಿತಾ ಎಂದು ಕೆಲವರು ಕೇಳುತ್ತಾರೆ. ಅಬ್ಬಾ, ಅಮ್ಮಿ ಸಂಬಂಧಿಕರಲ್ಲ. ತಂದೆ ತಾಯಿ ಇಬ್ಬರಿಂದಲೂ ತಪ್ಪಿರುವ ಪ್ರತಿ ಬಂದರೆ ಮಾತ್ರ ಕಾಣಿಸಿಕೊಳ್ಳುವ ಕಾಯಿಲೆಗಳಿವೆ. ಬಿ ಕೋಶ ಬೆಳೆಯದ ಕಾಯಿಲೆಗಳಲ್ಲೂ ಅಂಥ ಕೆಲವು ಇವೆ. ಅಲ್ಲಿ ರಕ್ತಸಂಬಂಧದ ಮದುವೆ ಅಪಾಯವನ್ನು ಹೆಚ್ಚಿಸುತ್ತದೆ. ಎಕ್ಸ್‌ಎಲ್‌ಎ ಹಾಗಲ್ಲ. ಎಷ್ಟೋ ಮನೆಗಳಲ್ಲಿ ಹಿಂದೆ ಯಾರಿಗೂ ಇಲ್ಲದೆ ಹೊಸದಾಗಿಯೂ ಹುಟ್ಟಿಕೊಳ್ಳುತ್ತದೆ. ಅಕ್ಷರಗಳನ್ನು ನಕಲು ಮಾಡುವಾಗ ಆಗುವ ತಪ್ಪು ಅದು, ಯಾರ ಕೈಯೂ ಅದರಲ್ಲಿಲ್ಲ.

ಡಾಕ್ಟರ್ ಇನ್ನೊಂದು ಮಾತು ಹೇಳಿದರು. ಹುಟ್ಟಿ ಆರು ತಿಂಗಳು ಮುನ್ನಾ ಏಕೆ ಚೆನ್ನಾಗಿದ್ದ? ಬಸುರಿಯಲ್ಲಿ ತಾಯಿಯ ಪ್ರತಿಕಾಯಗಳು ಮಗುವಿನ ರಕ್ತಕ್ಕೆ ದಾಟುತ್ತವೆ. ಆ ಆರು ತಿಂಗಳು ಅವನನ್ನು ಕಾಪಾಡಿದ್ದು ಅಮ್ಮಿಯ ಪ್ರತಿಕಾಯಗಳು. ಅವು ಮುಗಿದ ಮೇಲೆ ಕಿವಿ ಸೋರತೊಡಗಿತು. ಅಂದರೆ ತಾಯಿಯ ಮೂಲಕ ಬಂದದ್ದು ಕಾಯಿಲೆ, ತಾಯಿಯಿಂದ ಬಂದದ್ದು ರಕ್ಷಣೆ. ಆರನೇ ತರಗತಿಯ ನಾನು ಇವೆರಡನ್ನು ಅದಲುಬದಲು ಮಾಡಿದ್ದೆ.

ನಮಗೆ ಅಕೌಂಟೆನ್ಸಿಯಲ್ಲಿ ತಪ್ಪುಗಳ ತಿದ್ದುಪಡಿ ಎಂಬ ಪಾಠವಿದೆ. ಲೆಕ್ಕದ ಪುಸ್ತಕದಲ್ಲಿ ತಪ್ಪು ಬರೆದರೆ ಅದನ್ನು ಅಳಿಸುವಂತಿಲ್ಲ, ಕೆರೆಯುವಂತಿಲ್ಲ. ಇನ್ನೊಂದು ನಮೂದು ಬರೆದು ಸರಿಪಡಿಸಬೇಕು. ಬಕ್ರೀದ್ ಮರುದಿನ ದಾದಿಮಾ, ಫುಪ್ಪು, ನಾನಿಮಾ, ಖಾಲಾ ಎಲ್ಲರೂ ಮನೆಯಲ್ಲಿದ್ದರು. ಊಟದ ನಂತರ ಚಾಪೆಯ ಮೇಲೆ ಹಾಳೆ ಹಾಸಿ ನಾನು ಚೌಕ, ವೃತ್ತ ಬರೆದು ಎಲ್ಲವನ್ನೂ ಉರ್ದುವಿನಲ್ಲಿ ಮತ್ತೆ ಹೇಳಿದೆ. "ಅವತ್ತು ನಾನು ತಪ್ಪು ಹೇಳಿದ್ದೆ" ಎಂದೇ ಶುರು ಮಾಡಿದೆ. ಕೈ ನಡುಗುತ್ತಿತ್ತು. ಫುಪ್ಪು ಏನೂ ಹೇಳದೆ ಎದ್ದು ಪಾತ್ರೆ ತೊಳೆಯಲು ಹೋದರು. ದಾದಿಮಾ ಹಾಳೆಯನ್ನು ಬಹಳ ಹೊತ್ತು ನೋಡುತ್ತಾ ಕೂತರು. ನಾನಿಮಾ ಆ ಎರಡು ಚೌಕಗಳ ಮೇಲೆ ಬೆರಳಿಟ್ಟು ಕೇಳಿದರು: "ಹಾಗಾದರೆ ಮಗ್ರಿಬ್ ಹೊತ್ತಿನಲ್ಲಿ ಮಗುವನ್ನು ಹೊರಗೆ ಎತ್ತಿಕೊಂಡು ಹೋದದ್ದಕ್ಕೆ ಅಲ್ಲವಾ ಬೇಟಿ?"

ಆ ಪ್ರಶ್ನೆಯನ್ನು ಅವರು ಎಷ್ಟು ವರ್ಷ ಒಬ್ಬರೇ ಹೊತ್ತಿದ್ದರೋ. "ಅಲ್ಲ ನಾನಿಮಾ" ಎಂದೆ. ಅವರು ಅತ್ತರು. ಅಮ್ಮಿ ಅವರ ಪಕ್ಕದಲ್ಲಿ ಹೋಗಿ ಕೂತರು.

ಈಗ ಮುನ್ನಾ ಹೇಗಿದ್ದಾನೆ ಎಂದು ನೀವು ಕೇಳಬಹುದು. ಚೆನ್ನಾಗಿದ್ದಾನೆ. ಬೆಳಗಿನ ರೈಲು ಅರಸೀಕೆರೆ ತಲುಪುವ ಹೊತ್ತಿಗೆ ಎದ್ದು ಇಡ್ಲಿ ಕೇಳುತ್ತಾನೆ. ಆಸ್ಪತ್ರೆಯಲ್ಲಿ ನಾಲ್ಕೈದು ಗಂಟೆ ಡ್ರಿಪ್. ಅದರಲ್ಲಿ ಇರುವುದು ಸಾವಿರಾರು ಜನರು ದಾನ ಮಾಡಿದ ಪ್ಲಾಸ್ಮಾದಿಂದ ತೆಗೆದ ಪ್ರತಿಕಾಯಗಳು. ಸುಮಾರು ಮೂರು ವಾರಕ್ಕೆ ಅವು ದೇಹದಲ್ಲಿ ಅರ್ಧದಷ್ಟಾಗುತ್ತವೆ, ಅದಕ್ಕೇ ನಾಲ್ಕು ವಾರಕ್ಕೊಮ್ಮೆ ಹೋಗಲೇಬೇಕು. ಅವನ ತೂಕ 25 ಕಿಲೋ, ಸಲಕ್ಕೆ 12.5 ಗ್ರಾಂ ಔಷಧಿ. ವರ್ಷಕ್ಕೆ 13 ಸಲ. ಒಟ್ಟು 162.5 ಗ್ರಾಂ. ಮನೆಯಲ್ಲಿ ಈ ಲೆಕ್ಕ ಬರೆಯುವವಳು ನಾನೇ. ಅವನ ತೂಕ ಹೆಚ್ಚಿದಂತೆ ಗ್ರಾಮೂ ಹೆಚ್ಚುತ್ತದೆ. ಮಗ ಬೆಳೆದನೆಂದು ನಕ್ಕ ಅಬ್ಬಾ ಮರುಕ್ಷಣವೇ ಸುಮ್ಮನಾಗುವುದನ್ನು ನೋಡಿದ್ದೇನೆ. ಮೊದಲ ಎರಡು ವರ್ಷ ಅಮ್ಮಿಯ ಬಳೆ, ಅಬ್ಬಾನ ಬೈಕು ಎಲ್ಲ ಇದಕ್ಕೇ ಹೋದವು. ಕೇಂದ್ರ ಸರ್ಕಾರದ 2021ರ ಅಪರೂಪದ ಕಾಯಿಲೆಗಳ ನೀತಿಯಲ್ಲಿ ಇಂಥ ರೋಗನಿರೋಧಕ ಕೊರತೆಗಳೂ ಸೇರಿವೆ. ಡಾಕ್ಟರ್ ಹೇಳಿ ಅರ್ಜಿ ಹಾಕಿಸಿದ ಮೇಲೆ ಸ್ವಲ್ಪ ಉಸಿರಾಡುವಂತಾಯಿತು.

ಮುನ್ನಾ ಒಮ್ಮೆ ಡ್ರಿಪ್ ನೋಡುತ್ತಾ ಕೇಳಿದ: "ಆಪಾ, ಇದು ಯಾರದು?" ಗೊತ್ತಿಲ್ಲ ಎಂದೆ. ಬಲಗೈ ಕೊಟ್ಟದ್ದು ಎಡಗೈಗೂ ತಿಳಿಯಬಾರದು ಎಂದು ಸದಕಾದ ಬಗ್ಗೆ ನಮಗೆ ಹೇಳಿಕೊಡುತ್ತಾರಲ್ಲ, ಅದನ್ನು ನಾನು ಕಣ್ಣಾರೆ ಕಾಣುವುದು ಆ ಬಾಟಲಿಯಲ್ಲಿ.

ಕೊನೆಯದಾಗಿ ನನ್ನ ವಿಷಯ. ಅಮ್ಮಿಯ ಎರಡು ಎಕ್ಸ್‌ಗಳಲ್ಲಿ ಒಂದು ನನಗೆ ಬಂದಿದೆ. ಯಾವುದೆಂದು ಗೊತ್ತಿಲ್ಲ. ಸಾಧ್ಯತೆ ಅರ್ಧಕ್ಕರ್ಧ. ನಾಣ್ಯಕ್ಕೆ ನೆನಪಿರುವುದಿಲ್ಲ ಎಂದು ಸಂಖ್ಯಾಶಾಸ್ತ್ರದ ಸರ್ ಹೇಳುತ್ತಾರೆ. ತಮ್ಮನಿಗೆ ಬಂತೆಂದು ನನಗೆ ಬಾರದೆ ಇರುವುದಿಲ್ಲ, ಬರಲೇಬೇಕೆಂದೂ ಇಲ್ಲ. ನನಗೆ ಕಾಯಿಲೆಯಿಲ್ಲವಾದ್ದರಿಂದ ಆತುರವಿಲ್ಲ, ಹದಿನೆಂಟು ತುಂಬಿದ ಮೇಲೆ ಪರೀಕ್ಷೆ ಬೇಕೋ ಬೇಡವೋ ನೀನೇ ನಿರ್ಧರಿಸು ಎಂದಿದ್ದಾರೆ ಡಾಕ್ಟರ್. ಬರುವ ಫೆಬ್ರವರಿಗೆ ನನಗೆ ಹದಿನೆಂಟು. ಮಾಡಿಸುತ್ತೇನೆ.

ಇದನ್ನು ಬರೆಯುತ್ತೇನೆಂದಾಗ ಫುಪ್ಪು ಹೆದರಿದರು. "ನಾಳೆ ರಿಷ್ತಾ ಬಂದಾಗ ಇದೇ ಮಾತು ಎದ್ದರೆ?" ಎಂದರು. ಅವರು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಆದರೆ ಕಳೆದ ತಿಂಗಳು ಖಾಲಾನ ಮಗಳು ಫೋನ್ ಮಾಡಿದ್ದರು. ಅವರಿಗೆ ಈಗ ಐದು ತಿಂಗಳು. ಆ ಹಾಳೆಯ ವಿಷಯ ಖಾಲಾ ಹೇಳಿದ್ದರಿಂದಲೇ ಅವರು ಡಾಕ್ಟರ ಹತ್ತಿರ ಹೋಗಿದ್ದು. ಗಂಡುಮಗುವಾದರೆ ಹುಟ್ಟಿದ ಕೂಡಲೇ ಬಿ ಕೋಶ ಎಣಿಸಿ ನೋಡುತ್ತಾರೆ, ಅದು ಗೊತ್ತಾಗುವವರೆಗೆ ಪೋಲಿಯೋ ಹನಿಯಂಥ ಜೀವಂತ ಲಸಿಕೆ ಕೊಡುವುದಿಲ್ಲ. ನಮ್ಮ ಇಬ್ಬರು ಮಾಮೂಗಳ ಹೆಸರನ್ನು ಮನೆಯಲ್ಲಿ ಯಾರಾದರೂ ಮೊದಲೇ ಹೇಳಿದ್ದರೆ ಮುನ್ನಾನಿಗೂ ಹಾಗೆ ನೋಡಬಹುದಿತ್ತು. ಮೂರು ವರ್ಷ ಉಳಿಯುತ್ತಿತ್ತು. ಮುಚ್ಚಿಟ್ಟರೆ ರಿಷ್ತಾ ಉಳಿಯಬಹುದು, ಮಗು ಉಳಿಯದೆ ಹೋಗಬಹುದು ಎಂದು ಫುಪ್ಪುಗೆ ಹೇಳಿದೆ. ಅವರು ತಲೆ ನೇವರಿಸಿ ಸುಮ್ಮನಾದರು.

ಅಮ್ಮಿಯನ್ನು ಕೇಳಿದೆ. ಅಕ್ಕಿ ಆರಿಸುತ್ತಿದ್ದರು. ತಲೆ ಎತ್ತದೆ ಹೇಳಿದರು: "ಬರೆ. ಈ ಸಲ ಸರಿಯಾಗಿ ಬರೆ."